ದಿನಾ ಬರೆಯುವುದು ಬೇರೆ, ದಿನಾ ಪೋಸ್ಟ್ ಹಾಕುವುದು ಬೇರೆ ಅಲ್ವಾ? ಮಳೆಗಾಲಕ್ಕೆ ಮುಂಚೆ ಒಂದು ಮಾತು

ಮಾದಾಪುರ ಕಡೆಯವಳು · ಮೇ 24, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಇನ್ನೊಂದು ವಾರ ಹತ್ತು ದಿನದಲ್ಲಿ ನಮ್ಮ ಕೊಡಗಿನಲ್ಲಿ ಮಳೆ ಹಿಡಿದುಕೊಳ್ಳುತ್ತದೆ. ಆಮೇಲೆ ಕರೆಂಟ್ ಯಾವಾಗ ಇರುತ್ತದೆ, ಟವರ್ ಯಾವಾಗ ಸಿಗುತ್ತದೆ ಅಂತ ಹೇಳುವ ಹಾಗಿಲ್ಲ. ಅದಕ್ಕೆ ಈಗಲೇ ಕೇಳುತ್ತಿದ್ದೇನೆ. ದಿನಾ ಏನಾದರೂ ಬರೆದು ಫೇಸ್‌ಬುಕ್‌ನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಹಾಕುವವರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡುತ್ತೀರಿ? ಬರೆಯುವುದನ್ನೇ ನಿಲ್ಲಿಸುತ್ತೀರಾ?

ನಮ್ಮದು ಸಣ್ಣ ತೋಟ. ರೋಬಸ್ಟಾ ಜಾಸ್ತಿ, ಮೇಲಿನ ಬದಿಗೆ ಸ್ವಲ್ಪ ಅರೇಬಿಕಾ, ಮರಗಳಿಗೆ ಕರಿಮೆಣಸಿನ ಬಳ್ಳಿ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಬರೆಯಲು ಕೂರುತ್ತೇನೆ. ಆವತ್ತು ಕಂಡದ್ದು, ಕೇಳಿದ್ದು, ಅತ್ತೆ ಹೇಳಿದ ಹಳೇ ಸಂಗತಿ, ಹೀಗೆ ಹತ್ತು ಹನ್ನೆರಡು ಸಾಲು. ಓದುವವರು ಇದ್ದಾರೆ. ದುಬೈಯಲ್ಲಿ, ಬೆಂಗಳೂರಿನಲ್ಲಿ ಇರುವ ನಮ್ಮ ಕಡೆಯವರು "ಇವತ್ತು ಯಾಕೆ ಬರಲಿಲ್ಲ" ಅಂತ ಮೆಸೇಜ್ ಮಾಡುತ್ತಾರೆ. ನಿಜವಾಗಿ ಖುಷಿಯಾಗುತ್ತದೆ.

ಆದರೆ ಒಂದು ವಿಷಯ ಕಣ್ಣಿಗೆ ಬೀಳುತ್ತಿದೆ. ಯಾರೋ ಕಾಯುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಬರವಣಿಗೆ ಅವರ ಕಡೆಗೆ ವಾಲುತ್ತದೆ. ಮಂಜು, ಕಾಫಿ ಹೂವು, ಬಿಸಿ ಕಡಂಬಟ್ಟು, ಇವಕ್ಕೆಲ್ಲ ಲೈಕ್ ಬರುತ್ತದೆ. ಕೂಲಿ ಬಟವಾಡೆ ದಿನದ ಲೆಕ್ಕ, ಕಾಂಡ ಕೊರೆಯುವ ಬೋರರ್ ಹುಳ ಹಿಡಿದ ಅರೇಬಿಕಾ ಗಿಡ ಕಿತ್ತು ಸುಟ್ಟದ್ದು, ಇವಕ್ಕೆ ಬರುವುದಿಲ್ಲ. ದಿನಾ ಹಾಕಲೇಬೇಕು ಅಂತಾದರೆ ಈ ಎರಡನೇ ಬಗೆಯದನ್ನು ಬರೆಯುವುದೇ ನಿಧಾನಕ್ಕೆ ನಿಂತುಹೋಗುತ್ತದೆ. ಹಾಗೆ ಆಗಬಾರದು ಅಂತ ನನಗೆ ಆಸೆ.

ನಮ್ಮ ಮಾವನವರ ಮಳೆ ಪುಸ್ತಕ ನೋಡಿದರೆ ನನಗೆ ಒಂದು ದಾರಿ ಕಾಣುತ್ತದೆ. ತೋಟದ ಮನೆಗಳಲ್ಲಿ ಇರುತ್ತದಲ್ಲ, ಅಂಥದ್ದೇ. ಉದ್ದನೆಯ ಲೆಡ್ಜರ್, ತಿಂಗಳಿಗೊಂದು ಪುಟ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಾಪಕದಲ್ಲಿ ನಿಂತ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಾರೆ. ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಅಂತ ಬರೆಯುತ್ತಾರೆ. ಜನವರಿಯಲ್ಲಿ ಒಂದು ಹನಿಯೂ ಬೀಳದ ದಿನ ಹೋಗಿ ನೋಡಿ "ನಿಲ್" ಅಂತ ಬರೆಯುತ್ತಾರೆ. ಖಾಲಿ ಬಿಡುವುದಿಲ್ಲ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ಇವರು ನೋಡಲಿಲ್ಲವೋ ಅಂತ ಆಮೇಲೆ ತಿಳಿಯುವುದಿಲ್ಲ. ಆ ಪುಸ್ತಕ ಯಾರಿಗೂ ತೋರಿಸಲು ಬರೆದದ್ದಲ್ಲ. ಆದರೆ ಹೋದ ವರ್ಷ ಕಾಫಿ ಹೂವು ಅರಳಿಸುವ ಹೂಮಳೆ ಯಾವ ದಿನ ಬಂತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ಕಿತು ಅಂತ ಪಕ್ಕದ ತೋಟದವರು ಕೇಳಿದರೆ ಪುಟ ತೆಗೆದು ಹೇಳುತ್ತಾರೆ. ಬರೆಯುವುದು ದಿನಾ, ಹೇಳುವುದು ಬೇಕಾದಾಗ. ನಮಗೂ ಇದೇ ಸರಿ ಅಂತ ನನ್ನ ಅಭಿಪ್ರಾಯ. ನೀವು ಏನು ಹೇಳುತ್ತೀರಿ?

ಶನಿವಾರಸಂತೆ ಹನಿ · ಮೇ 24, ರಾತ್ರಿ 9.41

ಅಕ್ಕ, ನಾನು ಡಿಗ್ರಿ ಎರಡನೇ ವರ್ಷ. ಇನ್‌ಸ್ಟಾಗ್ರಾಂನಲ್ಲಿ ದಿನಾ ಒಂದು ಹನಿಗವನ ಹಾಕುತ್ತೇನೆ. ನನಗೆ ನಿಮ್ಮ ಮಾತು ಪೂರ್ತಿ ಒಪ್ಪಿಗೆ ಆಗುತ್ತಿಲ್ಲ. ಹಾಕಬೇಕು ಅಂತ ಇರುವುದರಿಂದಲೇ ನಾನು ಬರೆಯುತ್ತೇನೆ. ಪುಸ್ತಕದಲ್ಲಿ ಬರೆದಿಟ್ಟರೆ ಯಾರು ಕೇಳುತ್ತಾರೆ? ಒಂದು ದಿನ ಬಿಟ್ಟರೆ ರೀಚ್ ಬಿದ್ದುಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇಂಟರ್ನಲ್ಸ್ ಇದ್ದ ದಿನವೂ ಹಾಕಿದ್ದೇನೆ.

ರೈಟರ್, ಸಿದ್ದಾಪುರ · ಮೇ 24, ರಾತ್ರಿ 10.20

ಮಾದಾಪುರದ ಅಕ್ಕ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ನಾನು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಸಂಜೆ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಪುಸ್ತಕ, ಬರೆಯುವುದು ನನ್ನ ಕೆಲಸ. ಯಾರು ಬಂದರು, ಯಾರದು ಅರ್ಧ ದಿನ, ಯಾವ ಬ್ಲಾಕಿನಲ್ಲಿ ಎಷ್ಟು ಜನ, ಏನು ಕೆಲಸ. ತಲೆನೋವು ಅಂತ ನಾಳೆಗೆ ಇಡುವ ಹಾಗಿಲ್ಲ. ಅದು ಒಬ್ಬರ ಕೂಲಿ.

ಚೆಕ್‌ರೋಲ್ ಮುಚ್ಚಿದ ಕೂಡಲೇ, ಅದೇ ಕುರ್ಚಿಯಲ್ಲಿ, ಅದೇ ಪೆನ್ನಿನಲ್ಲಿ ನನ್ನ ಸ್ವಂತ ಪುಸ್ತಕ ತೆಗೆಯುತ್ತೇನೆ. ಇದಕ್ಕೆ ಬೇರೆ ಹೊತ್ತು ಹುಡುಕುವುದಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ ಊಟ ಮಾಡಿ ಬರೆಯುತ್ತೇನೆ ಅಂತ ಹೊರಟರೆ ಬರೆದ ಹಾಗೇ! ಮೊದಲೇ ಇರುವ ಒಂದು ಕೆಲಸದ ಬೆನ್ನಿಗೆ ಬರವಣಿಗೆಯನ್ನು ಕಟ್ಟಿಬಿಡಬೇಕು. ಹಾಲು ಡೈರಿಗೆ ಕೊಟ್ಟು ಬಂದ ಮೇಲೆ, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿದ ಮೇಲೆ, ಯಾವುದಾದರೂ ಆಗುತ್ತದೆ. ಆ ಕೆಲಸ ಹೇಗೂ ತಪ್ಪುವುದಿಲ್ಲವಲ್ಲ, ಇದೂ ತಪ್ಪುವುದಿಲ್ಲ.

ಏನು ಬರೆಯುವುದು ಅಂತ ತೋಚದ ದಿನ ನಾನು ದೊಡ್ಡ ವಿಷಯ ಹುಡುಕುವುದಿಲ್ಲ. ಹೋದ ವರ್ಷ ಜುಲೈನ ಒಂದು ದಿನದ್ದನ್ನು ಹಾಗೇ ಕೆಳಗೆ ಇಳಿಸಿದ್ದೇನೆ, ನೋಡಿ:

"ಮಳೆ ಬಿಡಲಿಲ್ಲ. ಲೈನ್ ಮನೆ ಹಿಂದೆ ಸಿಲ್ವರ್ ಮರ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಬೀಳುವ ಮೊದಲು ನಾಯಿ ಎದ್ದು ಆಚೆ ಹೋಯಿತಂತೆ. ಕೆಳಗಿನ ಬ್ಲಾಕಿನಲ್ಲಿ ಕೊಳೆರೋಗ ಕಾಣುತ್ತಿದೆ, ಎಲೆ ಕಪ್ಪಾಗಿ ದಾರದಲ್ಲಿ ಕಟ್ಟಿದ ಹಾಗೆ ನೇತಾಡುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬಳು ಹೇಳಿದಳು: ನಮ್ಮ ಅಮ್ಮ ಇದ್ದಾಗ ಇಷ್ಟು ಮಳೆಗೆ ಯಾರೂ ಹೆದರುತ್ತಿರಲಿಲ್ಲ."

ಇಷ್ಟೇ. ಆ ಕೊನೆಯ ಮಾತನ್ನು ಆವತ್ತೇ ಬರೆಯದಿದ್ದರೆ ನನಗೆ ಈಗ ನೆನಪಿರುತ್ತಿರಲಿಲ್ಲ. ಜನ ಆಡಿದ ಮಾತನ್ನು ಅವರು ಆಡಿದ ಹಾಗೇ ಬರೆದಿಡಿ. ಎರಡು ದಿನ ಬಿಟ್ಟು ಬರೆದರೆ ಅದು ನಮ್ಮ ಮಾತಾಗಿಬಿಡುತ್ತದೆ. ಪೋಸ್ಟ್ ಮಾಡುವುದು ತಿಂಗಳಿಗೆ ಒಂದೋ ಎರಡೋ. ಅದಕ್ಕೆ ಅವಸರವಿಲ್ಲ.

ಪೊನ್ನಂಪೇಟೆ ಅಡುಗೆಮನೆ · ಮೇ 24, ರಾತ್ರಿ 10.48

ರೈಟರ್ ಅಣ್ಣ, ಪೆನ್ನು ಅಂದಿರಲ್ಲ, ನಮ್ಮ ಕಡೆ ಜುಲೈಯಲ್ಲಿ ಪೆನ್ನು ನಡೆಯುವುದಿಲ್ಲ. ಕಾಗದ ತಂಪು ಹಿಡಿದು ಉಬ್ಬುತ್ತದೆ, ಬಾಲ್‌ಪೆನ್ನು ಅರ್ಧ ಅಕ್ಷರ ಮೂಡಿಸಿ ಜಾರುತ್ತದೆ. ಇಂಕ್ ಪೆನ್ನಾದರೆ ಹಿಂದಿನ ಪುಟಕ್ಕೂ ಹರಡುತ್ತದೆ. ಮಳೆಗಾಲಕ್ಕೆ ಪೆನ್ಸಿಲ್ಲೇ ಸರಿ. ಮೆತ್ತಗಿನ 2ಬಿ ಪೆನ್ಸಿಲ್ ತೆಗೆದುಕೊಳ್ಳಿ, ತೇವದ ಕಾಗದಕ್ಕೂ ಹಿಡಿಯುತ್ತದೆ, ನೀರು ಬಿದ್ದರೂ ಅಳಿಸುವುದಿಲ್ಲ.

ಪುಸ್ತಕಕ್ಕೆ ಬೂಷ್ಟು ಬರುತ್ತದೆ ಅನ್ನುವವರು ಅದನ್ನು ಕಪಾಟಿನಲ್ಲಿ ಇಡಬೇಡಿ. ಬಿಸ್ಕೆಟ್ ಟಿನ್ನಿನಲ್ಲಿ ಹಾಕಿ ಒಲೆ ಇರುವ ಕಡೆ ಅಟ್ಟದ ಮೇಲೆ ಇಡಿ. ಟಿನ್ನಿನ ತಳಕ್ಕೆ ಹುರಿದ ಅಕ್ಕಿ ಬಟ್ಟೆಯಲ್ಲಿ ಕಟ್ಟಿ ಹಾಕುತ್ತೇನೆ. ದಪ್ಪ ಪುಸ್ತಕ ಬೇಡ, ತೆಳ್ಳಗಿನ ನೂರು ಪುಟದ್ದು ಸಾಕು. ದಪ್ಪದ್ದು ಒಮ್ಮೆ ನೆನೆದರೆ ಒಣಗುವುದೇ ಇಲ್ಲ.

ನಮ್ಮದು ಹೋಮ್‌ಸ್ಟೇ. ಗೆಸ್ಟ್ ಇರುವ ದಿನ ನನಗೆ ಕೂರಲು ಪುರಸೊತ್ತು ಇಲ್ಲ. ಆಗ ಒಂದೇ ಸಾಲು. "ಇವತ್ತು ಕಣಿಲೆ ಸಾರು, ಮಂಗಳೂರಿನ ಅಜ್ಜಿ ಎರಡು ಸಲ ಬಡಿಸಿಕೊಂಡರು." ಅಷ್ಟು ಬರೆದರೂ ಆ ದಿನ ಪೂರ್ತಿ ನೆನಪಿಗೆ ಬರುತ್ತದೆ.

ನಾಪೋಕ್ಲು, ಈಗ ಬೆಂಗಳೂರು · ಮೇ 25, ಬೆಳಿಗ್ಗೆ 7.35

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಶನಿವಾರಸಂತೆ ತಂಗಿಗೆ ಒಂದು ಮಾತು. ಒಂದು ದಿನ ಬಿಟ್ಟರೆ ಎಲ್ಲ ಹೋಯಿತು ಅಂತ ಹೆದರಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅಭ್ಯಾಸ ಹೇಗೆ ಕೂರುತ್ತದೆ ಅಂತ 96 ಜನರನ್ನು 12 ವಾರ ಗಮನಿಸಿದ್ದರು. 2009ರಲ್ಲಿ ಅದು ಹೊರಗೆ ಬಂತು. ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ. ಆದರೆ ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನ ಬೇಕು ಅನ್ನುವ ಅಂದಾಜು ಬಂತು. ಮುಖ್ಯವಾದ ವಿಷಯ ಇದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ಅವರು ನೋಡಿದ್ದು ನೀರು ಕುಡಿಯುವುದು, ಹಣ್ಣು ತಿನ್ನುವುದು, ನಡೆಯುವುದು ಇಂಥ ಸಣ್ಣ ಕೆಲಸಗಳನ್ನು. ಬರವಣಿಗೆ ಅದಕ್ಕಿಂತ ಕಷ್ಟದ್ದು, ಇನ್ನೂ ಜಾಸ್ತಿ ದಿನ ಹಿಡಿಯಬಹುದು ಅಂತ ನನಗೆ ಅನ್ನಿಸುತ್ತದೆ.

21 ದಿನದಲ್ಲಿ ಅಭ್ಯಾಸ ಆಗುತ್ತದೆ ಅಂತ ಎಲ್ಲೆಲ್ಲೂ ಹೇಳುತ್ತಾರಲ್ಲ, ಆ ಮಾತಿನ ಮೂಲ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಹೇಳಿದ್ದು. "ಕಡಿಮೆ ಅಂದರೂ" ಅನ್ನುವುದು ಬಿಟ್ಟುಹೋಯಿತು, 21 ಮಾತ್ರ ಉಳಿಯಿತು.

ನವೆಂಬರ್ ತಿಂಗಳಲ್ಲಿ 50 ಸಾವಿರ ಪದಗಳ ಕಾದಂಬರಿ ಬರೆಯುವ ನ್ಯಾನೋರೈಮೋ ಅಂತ ಒಂದು ಇತ್ತು. 1999ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ದಿನಕ್ಕೆ 1,667 ಪದ. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು. ಆದರೂ ಸ್ನೇಹಿತರು ಸೇರಿಕೊಂಡು ಹಾಗೆ ಬರೆಯಬಹುದು. ಊರಿನವರು ಯಾರಾದರೂ ಬರುತ್ತೀರಾ?

ರೈಟರ್, ಸಿದ್ದಾಪುರ · ಮೇ 25, ಬೆಳಿಗ್ಗೆ 7.52

ತಮ್ಮ, ನವೆಂಬರ್ ಅಂದರೆ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತು. ಹಣ್ಣು ಕೊಯ್ದದ್ದನ್ನು ಸಂಜೆ ತೂಕ ಹಾಕಿ, ಸಿಪ್ಪೆ ಬಿಡಿಸುವ ಪಲ್ಪಿಂಗ್ ಮುಗಿಯುವ ತನಕ ನಿಲ್ಲಬೇಕು. ಅದರ ಬೆನ್ನಿಗೆ ಪುತ್ತರಿ ಹಬ್ಬ, ಆಮೇಲೆ ರೋಬಸ್ಟಾ ಕೊಯ್ಲು. ಫೆಬ್ರವರಿವರೆಗೂ ನಮಗೆ ತಲೆ ಎತ್ತಲು ಆಗುವುದಿಲ್ಲ. ಜಾಸ್ತಿ ಬರೆಯುವ ತಿಂಗಳು ಬೇಕು ಅಂದರೆ ನಮಗೆ ಕಕ್ಕಡ ತಿಂಗಳೇ ಸರಿ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ. ಹೊರಗೆ ಕಾಲಿಡಲು ಆಗುವುದಿಲ್ಲ, ಕರೆಂಟ್ ಇಲ್ಲ, ಫೋನ್ ಇಲ್ಲ. ಇನ್ನೇನು ಬೇಕು ಬರೆಯಲು?

ನಾಪೋಕ್ಲು, ಈಗ ಬೆಂಗಳೂರು · ಮೇ 25, ಬೆಳಿಗ್ಗೆ 7.58

ಸರಿ ಅಣ್ಣ, ಕಕ್ಕಡಕ್ಕೆ ನಾನು ಬಂದೆ. ಲೆಕ್ಕ ಪದದಲ್ಲಿ ಬೇಡ, ದಿನಕ್ಕೆ ಒಂದು ಪುಟ ಅಂತ ಇಟ್ಟುಕೊಳ್ಳೋಣ.

ವಿರಾಜಪೇಟೆ ಹಳೇ ವರದಿಗಾರ · ಮೇ 25, ಬೆಳಿಗ್ಗೆ 11.15

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮಾದಾಪುರದ ತಂಗಿ ಬೇಸರ ಮಾಡಿಕೊಳ್ಳಬಾರದು. ಶನಿವಾರಸಂತೆ ಹುಡುಗಿ ಹೇಳಿದ್ದರಲ್ಲೂ ಹುರುಳಿದೆ.

ಪತ್ರಿಕೆಗಳಿಗೆ ಸುದ್ದಿ ಬರೆದು ಕೈ ಪಳಗಿದವನು ನಾನು. ನಮ್ಮ ಜಿಲ್ಲೆ ಸಣ್ಣದು, ಆದರೆ ಓದುವ ಜಿಲ್ಲೆ. ಮಡಿಕೇರಿಯಿಂದ "ಶಕ್ತಿ" ದಿನಪತ್ರಿಕೆ 1957ರಿಂದ ಬರುತ್ತಿದೆ. ನಾಳೆ ಬೆಳಿಗ್ಗೆ ಪೇಪರ್ ಜನರ ಕೈಗೆ ಹೋಗಲೇಬೇಕು ಅನ್ನುವ ಒತ್ತಡ ಇಲ್ಲದಿದ್ದರೆ ನಾವು ಯಾರೂ ಬರೆಯಲು ಕಲಿಯುತ್ತಿರಲಿಲ್ಲ. ಫ್ಯಾಕ್ಸ್ ಕೆಟ್ಟ ದಿನ ವರದಿಯನ್ನು ಕವರಿನಲ್ಲಿ ಹಾಕಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ನಾಲ್ಕೂವರೆ ಬಸ್ಸು ಹೊರಡುವುದರೊಳಗೆ ಬರೆದು ಮುಗಿಸಬೇಕು. ಮುಗಿಯುತ್ತಿತ್ತು! ಯಾರಿಗೂ ತೋರಿಸುವುದಿಲ್ಲ ಅಂತ ಬರೆಯುವಾಗ ವಾಕ್ಯ ಸಡಿಲವಾಗುತ್ತದೆ. "ಅವನು" ಅಂದರೆ ಯಾರು, "ಅಲ್ಲಿ" ಅಂದರೆ ಎಲ್ಲಿ ಅಂತ ನಮಗೆ ಗೊತ್ತಿರುತ್ತದಲ್ಲ, ಬರೆಯುವುದೇ ಇಲ್ಲ. ಓದುವವರು ಇದ್ದಾರೆ ಅಂದಾಗ ಬಿಡಿಸಿ ಬರೆಯುತ್ತೇವೆ.

ಆದರೆ ಪತ್ರಿಕೆಗೂ ಫೋನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಾನು ಕಳಿಸಿದ್ದನ್ನು ಡೆಸ್ಕಿನಲ್ಲಿ ಇನ್ನೊಬ್ಬರು ಓದುತ್ತಿದ್ದರು. "ಇದು ಯಾರು ಹೇಳಿದ್ದು? ಕೇಳಿದ್ದೀಯಾ?" ಅಂತ ಫೋನ್ ಬರುತ್ತಿತ್ತು. ಮೊದಲ ಎರಡು ಪ್ಯಾರಾ ತೆಗೆದು ಮೂರನೆಯದರಿಂದ ಶುರು ಮಾಡುತ್ತಿದ್ದರು, ಹಾಗೆ ಮಾಡಿದಾಗಲೆಲ್ಲ ಸುದ್ದಿ ಚೆನ್ನಾಗಿ ಆಗುತ್ತಿತ್ತು. ಈಗ ಬರೆದವರೇ ಬೆರಳು ಒತ್ತಿದರೆ ಮುಗಿಯಿತು. ನಡುವೆ ಯಾರೂ ಇಲ್ಲ. ಹಾಗಾಗಿ ದಿನಾ ಹಾಕುವವರು ಒಬ್ಬ ಮೊದಲ ಓದುಗರನ್ನು ಇಟ್ಟುಕೊಳ್ಳಿ. ಗಂಡ, ತಂಗಿ, ಸ್ನೇಹಿತೆ ಯಾರಾದರೂ ಆಗಬಹುದು. "ಚೆನ್ನಾಗಿದೆ" ಅನ್ನುವವರು ಬೇಡ, "ಇಲ್ಲಿ ಅರ್ಥ ಆಗಲಿಲ್ಲ" ಅನ್ನುವವರು ಬೇಕು.

ಹಟ್ಟಿಹೊಳೆ ಕಡೆಯವ · ಮೇ 25, ಸಂಜೆ 6.30

ಇದರಲ್ಲಿ ಬರೆಯಬೇಕೋ ಬೇಡವೋ ಅಂತ ಬೆಳಿಗ್ಗೆಯಿಂದ ಯೋಚನೆ ಮಾಡುತ್ತಿದ್ದೆ. ಬರೆಯುತ್ತೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಾವು ಮನೆ ಬಿಟ್ಟು ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಹೋದೆವು. ಮಕ್ಕಂದೂರು, ಕಾಲೂರು, ಮುಕ್ಕೋಡ್ಲು ಕಡೆಯವರು ಎಲ್ಲರೂ ಬಂದಿದ್ದರು. ಜೋಡುಪಾಲದ ಹತ್ತಿರ ಕುಸಿದು ಸಂಪಾಜೆ ರಸ್ತೆ ಬಂದ್ ಆಗಿತ್ತು. ಫೋನ್ ಚಾರ್ಜ್ ಸಿಕ್ಕಿದಾಗ ತೆರೆದು ನೋಡಿದರೆ ನಮ್ಮ ಊರಿನ ಬಗ್ಗೆ ನಿಮಿಷಕ್ಕೊಂದು ಪೋಸ್ಟ್. ಎಲ್ಲೋ ಆದ ಹಳೇ ವಿಡಿಯೊವನ್ನು ನಮ್ಮೂರಿನದು ಅಂತ ಹಾಕಿದ್ದರು. ಬರೆಯಲೇಬೇಕು, ಹಾಕಲೇಬೇಕು ಅನ್ನುವ ಅವಸರ ಏನು ಮಾಡುತ್ತದೆ ಅಂತ ಆವತ್ತು ಕಣ್ಣಾರೆ ನೋಡಿದೆ. ನಮ್ಮ ಪಕ್ಕ ಕೂತಿದ್ದವರು ಅಂಥ ಒಂದು ವಿಡಿಯೊ ನೋಡಿ ತಮ್ಮ ಮನೆಯೇ ಅಂತ ಅತ್ತುಬಿಟ್ಟರು. ಅದು ಅವರದ್ದು ಆಗಿರಲಿಲ್ಲ.

ಅದೇ ಕೇಂದ್ರದಲ್ಲಿ ನಮ್ಮ ಅವ್ವ ಬರೆಯಲು ಶುರು ಮಾಡಿದರು. ಮಕ್ಕಳಿಗೆ ಅಂತ ಯಾರೋ ತಂದುಕೊಟ್ಟ ನೋಟ್‌ಬುಕ್ಕುಗಳಲ್ಲಿ ಒಂದನ್ನು ಕೇಳಿ ತೆಗೆದುಕೊಂಡರು. ಅರ್ಜಿಗೆ ಬೇಕಾಗುತ್ತದೆ ಅಂತ ಮನೆಯಲ್ಲಿ ಏನೇನು ಇತ್ತು ಅನ್ನುವ ಪಟ್ಟಿ. ಹಿತ್ತಾಳೆ ಹಂಡೆ, ಎರಡು ಏಣಿ, ಒಣಗಿಸಿ ಇಟ್ಟ ಮೆಣಸು ಅರ್ಧ ಚೀಲ, ಅಪ್ಪನ ಕೋಟು. ಮರುದಿನ ನೆನಪಾದದ್ದು ಮರುದಿನ ಸೇರಿಸಿದರು. ಅರ್ಜಿ ಕೊಟ್ಟಾಯಿತು, ಆದರೂ ನಿಲ್ಲಿಸಲಿಲ್ಲ. ಬಾಡಿಗೆ ಮನೆಗೆ ಹೋದ ಮೇಲೂ ಬರೆದರು. ಹಿತ್ತಲಿನ ಕಿತ್ತಳೆ ಮರ ಎಷ್ಟು ವರ್ಷದ್ದು, ದನದ ಕೊಟ್ಟಿಗೆ ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು, ಇಂಥವೆಲ್ಲ. ನಾವು ಮನೆಯಲ್ಲಿ ಆಡುವುದು ಅರೆಭಾಷೆ. ಅವರು ಬರೆದದ್ದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ನಡುವೆ ನಮ್ಮ ಮಾತು ಬಂದ ಕಡೆ ಹಾಗೇ ಬಿಟ್ಟಿದ್ದಾರೆ.

ಆ ಪುಸ್ತಕದ ಒಂದು ಸಾಲನ್ನೂ ನಾನು ಎಲ್ಲೂ ಹಾಕಿಲ್ಲ. ಅವ್ವ ಬೇಡ ಅಂದರು. ಮೇಲಿನ ನಾಲ್ಕು ಮಾತು ಬರೆಯುವ ಮೊದಲೂ ಫೋನ್ ಮಾಡಿ ಕೇಳಿದೆ. "ಅಷ್ಟು ಹೇಳು ಪರವಾಗಿಲ್ಲ" ಅಂದರು. ನನ್ನ ಲೆಕ್ಕದಲ್ಲಿ ದಿನಾ ಬರೆಯುವ ಅಭ್ಯಾಸ ಅಂದರೆ ಅದು. ಯಾರೂ ನೋಡದಿದ್ದರೂ ಅವರು ಬರೆದರು. ಬರೆಯದೆ ಇರಲು ಆಗುತ್ತಿರಲಿಲ್ಲ.

ಪೊನ್ನಂಪೇಟೆ ಅಡುಗೆಮನೆ · ಮೇ 25, ಸಂಜೆ 6.55

ತಮ್ಮ, ಅವ್ವನಿಗೆ ನಮ್ಮ ನಮಸ್ಕಾರ ಹೇಳು. ಆ ಪುಸ್ತಕವನ್ನು ಜೋಪಾನ ಮಾಡು. ಫೋಟೊ ತೆಗೆದು ಮೆಮೊರಿ ಕಾರ್ಡಿನಲ್ಲಿ ಒಂದು ಪ್ರತಿ ಇಡು, ಅದನ್ನು ಬೇರೆ ಮನೆಯಲ್ಲಿ ಇಡು.

ಕುಶಾಲನಗರ ಮೇಷ್ಟ್ರು · ಮೇ 25, ರಾತ್ರಿ 8.05

ಎಲ್ಲರ ಮಾತೂ ಓದಿದೆ. ಹಟ್ಟಿಹೊಳೆ ಹುಡುಗ ಬರೆದದ್ದನ್ನು ಎರಡು ಸಲ ಓದಿದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು. ಮಕ್ಕಳಿಗೆ ದಿನಚರಿ ಬರೆಯಿರಿ ಅಂದರೆ "ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ತಿಂಡಿ ತಿಂದೆ" ಅಂತ ಬರೆದು ತರುತ್ತಾರೆ. ಆಗ ನಾನು ಹೇಳುತ್ತಿದ್ದದ್ದು: ನಿನ್ನೆ ಇಲ್ಲದ್ದು ಇವತ್ತು ಏನಾಯಿತು, ಅದೊಂದನ್ನೇ ಬರೆ. ಮಾರನೇ ದಿನ ಒಬ್ಬ ಬರೆದು ತಂದ: "ನಮ್ಮ ಗೇಟಿನ ಹತ್ತಿರ ಆನೆ ಲದ್ದಿ ಇತ್ತು, ಅದರಲ್ಲಿ ಹಲಸಿನ ಬೀಜ ಇತ್ತು, ಅಜ್ಜ ಅದನ್ನು ಕೋಲಿನಿಂದ ಬಿಡಿಸಿ ತೋರಿಸಿದರು." ಇದಕ್ಕಿಂತ ಚೆನ್ನಾಗಿ ಯಾರು ಬರೆಯುತ್ತಾರೆ ಹೇಳಿ?

ಇನ್ನೊಂದು ವಿಷಯ. ಜಾಸ್ತಿ ಬರೆದವರೇ ಬರಹಗಾರರು ಅಂತ ಅಲ್ಲ. ನಮ್ಮ ಕೊಡಗಿನ ಗೌರಮ್ಮನವರು ಹುಟ್ಟಿದ್ದು 1912ರಲ್ಲಿ, ತೀರಿಕೊಂಡದ್ದು 1939ರಲ್ಲಿ. 27 ವರ್ಷ. ಬರೆದ ಕಥೆಗಳು ಇಪ್ಪತ್ತರ ಆಸುಪಾಸು. ವಿಧವೆಯರ ಬಗ್ಗೆ, ಮೋಸ ಹೋದ ಹೆಣ್ಣುಮಕ್ಕಳ ಬಗ್ಗೆ ಆ ಕಾಲದಲ್ಲಿ ಅಷ್ಟು ಧೈರ್ಯವಾಗಿ ಬರೆದರು. ಇವತ್ತಿಗೂ ಓದುತ್ತೇವೆ. ಹಾಗಾಗಿ ಶನಿವಾರಸಂತೆ ಮಗಳೇ, ದಿನಾ ಬರೆ, ಖಂಡಿತ ಬರೆ. ಆದರೆ ಹಾಕಿದ್ದು ಎಷ್ಟು ಅಂತ ಎಣಿಸಬೇಡ.

ಹಳಬರಿಗೆ ಒಂದು ಸೂಚನೆ. ನಮ್ಮಲ್ಲಿ ಕೆಲವರು ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿಟ್ಟ ಫೈಲುಗಳು ಕಂಪ್ಯೂಟರಿನಲ್ಲಿ ಹಾಗೇ ಇವೆ. ಹಳೇ ಫಾಂಟಿನವು ಈಗ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಇವೆ. ಮಳೆಗಾಲದಲ್ಲಿ ಸಿಡಿಲಿಗೆ ಕಂಪ್ಯೂಟರ್ ಹೋಗುವ ಮೊದಲು ಆ ಕೆಲಸ ಮಾಡಿಕೊಳ್ಳಿ. ಅರ್ಕಾವತ್ತು ಮತ್ತು ಕೆಲವು ಒತ್ತಕ್ಷರ ಆಚೀಚೆ ಆಗುತ್ತವೆ, ಒಮ್ಮೆ ಕಣ್ಣು ಹಾಯಿಸಬೇಕು.

ಮಾದಾಪುರ ಕಡೆಯವಳು · ಮೇ 25, ರಾತ್ರಿ 9.30

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ. ವರದಿಗಾರರಿಗೆ, ಬೇಸರ ಯಾಕೆ ಸರ್, ಮೊದಲ ಓದುಗರ ಮಾತು ನನಗೆ ತುಂಬಾ ಉಪಯೋಗವಾಯಿತು. ನಮ್ಮ ಅತ್ತಿಗೆ ಇದ್ದಾರೆ, ಮುಖ ನೋಡಿ ಮಾತಾಡುವವರಲ್ಲ. ಅವರನ್ನೇ ಕೇಳುತ್ತೇನೆ.

ಹಟ್ಟಿಹೊಳೆ ತಮ್ಮ ಹೇಳಿದ ಮೇಲೆ ಒಂದು ವಿಷಯ ಬಿಡಿಸಿ ಹೇಳಬೇಕು ಅನ್ನಿಸಿತು. ಕೆಲವನ್ನು ಕಾಯಿಸಬಾರದು. ಶಾಲೆ ದಾರಿಯಲ್ಲಿ ಆನೆ ನಿಂತಿದೆ, ರಸ್ತೆಗೆ ಮರ ಬಿದ್ದಿದೆ, ಹೊಳೆ ಸೇತುವೆ ಮೇಲೆ ಬಂದಿದೆ, ಇವನ್ನು ಕಣ್ಣಾರೆ ನೋಡಿದವರು ಆ ಕ್ಷಣವೇ ಹಾಕಬೇಕು, ಜಾಗ ಮತ್ತು ಹೊತ್ತು ಸೇರಿಸಿ. ಅದು ಬರವಣಿಗೆಯ ಪ್ರಶ್ನೆಯೇ ಅಲ್ಲ, ಪಕ್ಕದ ಮನೆಯವರನ್ನು ಕೂಗಿ ಕರೆಯುವುದು. ಉಳಿದದ್ದೆಲ್ಲ ಕಾಯಬಹುದು. ಅತ್ತೆ ಹೇಳಿದ ಕಥೆ ಇವತ್ತು ಹಾಕಿದರೂ ಅಕ್ಟೋಬರ್‌ನಲ್ಲಿ ಹಾಕಿದರೂ ಅದೇ ಕಥೆ.

ನಮ್ಮದು ಸಣ್ಣ ಜಿಲ್ಲೆ, ಅದನ್ನೂ ಮರೆಯಬಾರದು. ಹೆಸರು ಬಿಟ್ಟು ಬರೆದರೂ ಮನೆ ಎದುರಿನ ಮರ, ಜೀಪಿನ ಬಣ್ಣ, ಊರಿನ ತಿರುವು ಹೇಳಿದರೆ ಸಾಕು, ಯಾರ ಮನೆ ಅಂತ ಅರ್ಧ ಕೊಡಗಿಗೆ ಗೊತ್ತಾಗುತ್ತದೆ. ಸಂಬಂಧ ಹುಡುಕುತ್ತಾ ಹೋದರೆ ಎಲ್ಲರೂ ಎಲ್ಲರಿಗೂ ಏನೋ ಆಗಬೇಕು. ನಮ್ಮ ಕೆಲಸದವಳ ಗಂಡ ಕುಡಿದು ಬಂದ ರಾತ್ರಿಯ ಬಗ್ಗೆ ನಾನು ಪುಸ್ತಕದಲ್ಲಿ ಬರೆದಿದ್ದೇನೆ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ದು, ನಾನು ಕೊಟ್ಟ ಕಾಫಿ ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದದ್ದು. ನಾನು ಬರೆದದ್ದರಲ್ಲಿ ಬಹುಶಃ ಅದೇ ಒಳ್ಳೆಯದು. ಅದು ಪುಸ್ತಕದಲ್ಲೇ ಇರುತ್ತದೆ. ಅವಳ ಹೆಸರು, ಊರು ಎಲ್ಲ ಬದಲಾಯಿಸಿದರೂ ಅವಳ ಅಕ್ಕ ಓದಿದರೆ ಗುರುತಿಸುತ್ತಾಳೆ. ದಿನಾ ಹಾಕುವವರಿಗೆ ಇಂಥದ್ದನ್ನು ಯೋಚಿಸಲು ಒಂದು ರಾತ್ರಿಯ ಸಮಯವಾದರೂ ಬೇಕು. ಒಂದು ವಾರ ಸಿಕ್ಕಿದರೆ ಇನ್ನೂ ಒಳ್ಳೆಯದು.

ನಾಪೋಕ್ಲು, ಈಗ ಬೆಂಗಳೂರು · ಮೇ 25, ರಾತ್ರಿ 9.44

ಅಕ್ಕ, ಪುಸ್ತಕ ಇಲ್ಲದ ಕಡೆ ತೋಚಿದರೆ ವಾಟ್ಸಾಪ್‌ನಲ್ಲಿ ನಮಗೆ ನಾವೇ ಮೆಸೇಜ್ ಕಳಿಸಿಕೊಳ್ಳಬಹುದಲ್ಲ, ಅದರಲ್ಲಿ ಟೈಪ್ ಮಾಡಿ ಇಡಿ. ನೆಟ್‌ವರ್ಕ್ ಇಲ್ಲದಿದ್ದರೂ ಬರೆದದ್ದು ಫೋನಿನಲ್ಲಿ ಉಳಿಯುತ್ತದೆ. ಫೇಸ್‌ಬುಕ್ ಪೇಜ್ ಇರುವವರು ಕರೆಂಟ್ ಇರುವ ದಿನ ನಾಲ್ಕೈದು ಬರಹ ಹಾಕಿ, ಯಾವ ದಿನ ಕಾಣಬೇಕು ಅಂತ ಗೊತ್ತು ಮಾಡಿ ಇಡಬಹುದು. ಓದುವವರಿಗೆ ದಿನಾ ಸಿಗುತ್ತದೆ, ನಿಮಗೆ ದಿನಾ ಟವರ್ ಹುಡುಕುವ ಕಷ್ಟ ಇಲ್ಲ. ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದೂ ಕನ್ನಡಕ್ಕೆ ಚೆನ್ನಾಗಿ ಬಂದಿದೆ, ನಮ್ಮ ಊರು ಮತ್ತು ಮನೆತನದ ಹೆಸರುಗಳನ್ನು ಮಾತ್ರ ತಿದ್ದಿಕೊಳ್ಳಬೇಕು.

ಶನಿವಾರಸಂತೆ ಹನಿ · ಮೇ 26, ಬೆಳಿಗ್ಗೆ 8.20

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಪೂರ್ತಿ ಓದಿದೆ. ಹನಿಗವನ ಹಾಕುವುದು ನಾನು ಬಿಡುವುದಿಲ್ಲ, ಅದು ನನಗೆ ಇಷ್ಟ. ಆದರೆ ಅಜ್ಜಿಯ ಬಗ್ಗೆ ಉದ್ದಕ್ಕೆ ಬರೆಯಬೇಕು ಅಂತ ತುಂಬಾ ದಿನದಿಂದ ಆಸೆ ಇದೆ. ಅವರು ಮದುವೆಯಾಗಿ ಬಂದ ದಿನ ಹೊಳೆ ದಾಟಿದ್ದು, ಬುಟ್ಟಿ ಹೆಣೆದು ಸಂತೆಯಲ್ಲಿ ಮಾರಿದ್ದು. ನಾಲ್ಕು ಸಾಲಿನ ಹನಿಗವನದಲ್ಲಿ ಅದು ಹಿಡಿಸುವುದಿಲ್ಲ. ಅದನ್ನು ಜೂನ್‌ನಿಂದ ಪುಸ್ತಕದಲ್ಲಿ ಬರೆಯುತ್ತೇನೆ, ದಿನಕ್ಕೆ ಅರ್ಧ ಪುಟ. ಅಜ್ಜಿಗೆ ಓದಲು ಬರುವುದಿಲ್ಲ, ವಾರಕ್ಕೊಮ್ಮೆ ನಾನೇ ಓದಿ ಹೇಳುತ್ತೇನೆ. ಅವರು ಸರಿ ಅಂದರೆ ಮಾತ್ರ ಮುಂದಿನದು. ವರದಿಗಾರ ಸರ್, ಅಜ್ಜಿ ಒಪ್ಪಿದ ಮೇಲೆ ನಿಮಗೆ ಕಳಿಸಿದರೆ ಓದುತ್ತೀರಾ? ನಮ್ಮ ಕಡೆ ಜುಲೈಯಲ್ಲಿ ನೆಟ್ ಇರುವುದೇ ಕಷ್ಟ.

ವಿರಾಜಪೇಟೆ ಹಳೇ ವರದಿಗಾರ · ಮೇ 26, ಬೆಳಿಗ್ಗೆ 9.05

ಓದುತ್ತೇನೆ ಮಗಳೇ, ಪ್ರತಿ ಸಾಲೂ ಓದುತ್ತೇನೆ. ಒಂದು ಬದಿಗೆ ಮಾತ್ರ ಬರೆ, ಎಡಗಡೆ ಎರಡು ಬೆರಳು ಜಾಗ ಬಿಡು, ನಾನು ಗುರುತು ಹಾಕಲು ಬೇಕಾಗುತ್ತದೆ. ನೆಟ್ ಇಲ್ಲದಿದ್ದರೆ ಚಿಂತೆ ಬೇಡ. ಕವರ್ ಅಂಟಿಸಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಡಿಕೇರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡು, ಬಸ್ಸಿನ ನಂಬರ್ ಮಾತ್ರ ಮೆಸೇಜ್ ಮಾಡು. ಮಡಿಕೇರಿ ಸ್ಟ್ಯಾಂಡಿನಲ್ಲಿ ನನ್ನ ಪರಿಚಯದವರು ಇಳಿಸಿಕೊಂಡು ವಿರಾಜಪೇಟೆ ಬಸ್ಸಿಗೆ ಹಾಕುತ್ತಾರೆ. ತಿದ್ದಿದ್ದು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ.